ಎರಡು ಬಾಟಲಿ, ಒಂದೇ ಎಣ್ಣೆ

ಮಂಗಳವಾರ ಮಧ್ಯಾಹ್ನ ವರದಾ ಊಟದ ಡಬ್ಬಿ ಮುಚ್ಚುತ್ತಿರುವಾಗ ವಾಚ್‌ಮನ್ ಬಂದು, ಗೇಟಿನ ಹತ್ತಿರ ಒಬ್ಬ ಮನುಷ್ಯ ಎರಡು ತಾಸಿನಿಂದ ನಿಂತಿದ್ದಾನೆ, ಹೋಗೆಂದರೂ ಹೋಗುತ್ತಿಲ್ಲ, ನಿಮ್ಮ ಹೆಸರನ್ನೇ ಹೇಳುತ್ತಿದ್ದಾನೆ ಎಂದ. ಪುಣೆಯ ಭೋಸರಿಯ ಆ ಸಣ್ಣ ತೈಲ ಪರೀಕ್ಷಾ ಲ್ಯಾಬಿಗೆ ಹೊರಗಿನವರು ಬರುವುದೇ ಅಪರೂಪ. ಬರುವುದೆಲ್ಲ ಬಾಟಲಿಗಳು. ಲಾರಿ ಕಂಪನಿಗಳಿಂದ, ಕಾರ್ಖಾನೆಗಳಿಂದ, ಡೀಸೆಲ್ ಜನರೇಟರ್ ಇಟ್ಟ ಆಸ್ಪತ್ರೆಗಳಿಂದ ಎಣ್ಣೆ ತುಂಬಿದ ಬಾಟಲಿಗಳು ಬರುತ್ತವೆ, ಒಂದು ಹಾಳೆಯ ವರದಿಯಾಗಿ ಹೊರಗೆ ಹೋಗುತ್ತವೆ. ಇಪ್ಪತ್ತಾರು ವರ್ಷಗಳಿಂದ ವರದಾ ಆ ಹಾಳೆಗಳನ್ನು ತಯಾರಿಸುತ್ತ ಬಂದಿದ್ದಳು. ಒಂಬತ್ತು ವರ್ಷಗಳಿಂದ ಅವುಗಳ ಕೆಳಗಿನ ಸಹಿಯೂ ಅವಳದೇ.

ಗೇಟಿನಲ್ಲಿ ನಿಂತವನು ನಲವತ್ತರ ಆಸುಪಾಸಿನ, ಒಣಕಲು ಮೈಯ ಮನುಷ್ಯ. ಉಗುರುಗಳ ಸುತ್ತ ಎಷ್ಟು ತೊಳೆದರೂ ಹೋಗದ ಕಪ್ಪು. ಮರಾಠಿಯಲ್ಲಿ ಶುರು ಮಾಡಿದ ಮಾತು ಎರಡನೆಯ ವಾಕ್ಯಕ್ಕೇ ತಡವರಿಸಿತು. ಅವನ ಉಚ್ಚಾರ ಕೇಳಿದ ವರದಾ, “ಕನ್ನಡದಾಗ ಹೇಳ್ರಿ” ಅಂದಳು.

ಅವನು ಕ್ಷಣ ಹೊತ್ತು ಅವಳ ಮುಖ ನೋಡಿದ. “ನಾ ಈರಣ್ಣ ಅಂತರಿ ಬಾಯಾರ. ಚಿತ್ತಾಪುರ ಕಡ್ಯಾವ. ಆಂಬುಲೆನ್ಸ್ ಡಿಪೋದಾಗ ಮೆಕ್ಯಾನಿಕ್ ಇದ್ದೆ. ನೀವ ಬರದ ಕಾಗದಾ ನೋಡಿ ನನ್ನ ಕೆಲಸದಿಂದ ನಿಲ್ಲಿಸ್ಯಾರ.”

ವರದಾಳಿಗೆ ನೆನಪಾಯಿತು. ಹನ್ನೊಂದು ದಿನಗಳ ಹಿಂದೆ ಒಂದು ಖಾಸಗಿ ಆಂಬುಲೆನ್ಸ್ ಸಂಸ್ಥೆಯಿಂದ ಎರಡು ಬಾಟಲಿ ಬಂದಿದ್ದವು. ಒಂದು, ಡಿಪೋದಲ್ಲಿ ಸೀಲು ಒಡೆದು ತೆಗೆದ ಹೊಸ ಡ್ರಮ್ಮಿನ ಎಣ್ಣೆ. ಡ್ರಮ್ಮಿನ ಮೇಲೆ ‘ಪೂರ್ಣ ಸಿಂಥೆಟಿಕ್’ ಎಂದು ಬರೆದಿತ್ತು, ಅಂದರೆ ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಿಸಿದ ದುಬಾರಿ ಎಣ್ಣೆ. ಇನ್ನೊಂದು, ಜಾಮ್ ಆಗಿ ನಿಂತ ಇಂಜಿನ್ನಿನಿಂದ ಬಸಿದ ಕಪ್ಪು ಎಣ್ಣೆ. ಎರಡೂ ಒಂದೇ ಎಣ್ಣೆಯೇ ಎಂಬುದು ಸಂಸ್ಥೆಯವರ ಪ್ರಶ್ನೆ. ಒಂದೇ ತಿಂಗಳಲ್ಲಿ ಅವರ ಮೂರು ಗಾಡಿಗಳ ಇಂಜಿನ್ನುಗಳು ಹಾಗೆ ನಿಂತಿದ್ದವು. ಮೂರನೆಯದು ದೌಂಡದಿಂದ ಒಬ್ಬ ವೃದ್ಧ ರೋಗಿಯನ್ನು ಪುಣೆಗೆ ತರುತ್ತಿತ್ತು. ಸೋಲಾಪುರ ರಸ್ತೆಯಲ್ಲಿ ನಿಂತ ಆ ಗಾಡಿಗೆ ಬದಲಿ ಬರಲು ಐವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಆ ಮನುಷ್ಯ ತೀರಿಹೋಗಿದ್ದ.

ಎರಡೂ ಒಂದೇ ಎಣ್ಣೆಯಲ್ಲ ಎಂದು ವರದಾ ಬರೆದಿದ್ದಳು.

“ವರದಿಯಾಗ ನಿಮ್ಮ ಹೆಸರಿಲ್ಲ ಈರಣ್ಣಾವರ,” ಅಂದಳು. “ಬಾಟಲಿಯಾಗ ಏನದ ಅಷ್ಟ ನಾವು ಬರೀತೀವಿ.”

“ಹೌದ್ರಿ, ನನ್ನ ಹೆಸರ ಇಲ್ಲ. ಆದ್ರ ಅದನ್ನ ಓದಿದವರೆಲ್ಲ ನನ್ನ ಹೆಸರೇ ಓದ್ಲಿಕತ್ತಾರ. ಚಲೋ ಎಣ್ಣಿ ಹೊರಗ ಮಾರಿ, ಹೊಲಸ ಎಣ್ಣಿ ಹಾಕ್ಯಾನ ಅಂತ. ಒಬ್ಬ ಮನಷ್ಯಾನ ಜೀವಾ ತಗದಾನ ಅಂತ.” ಅವನ ದನಿ ಏರಲಿಲ್ಲ. “ಸೀಲ ನಾನೇ ಒಡೀತೀನ್ರಿ, ಅದ ಡ್ರಮ್ಮಿಂದ ನಾನೇ ಹಾಕ್ತೀನಿ. ಬ್ಯಾರೆ ಎಣ್ಣಿ ನನ್ನ ಕೈಯಾಗ ಬಂದೇ ಇಲ್ಲ. ಗುರುವಾರ ಹನ್ನೊಂದಕ್ಕ ಎನ್ಕ್ವೈರಿ ಅದ. ಮುಗದ ಮ್ಯಾಲ ಪೊಲೀಸರಿಗೆ ಕೊಡ್ತಾರಂತ. ಇನ್ನೊಮ್ಮಿ ನೋಡ್ರಿ ಅಂತ ಕೇಳ್ಲಿಕ್ಕ ಬಂದೀನಿ, ಅಷ್ಟೇ.”

ಇಂಥ ಮಾತಿಗೆ ಕೊಡಬೇಕಾದ ಉತ್ತರ ವರದಾಳಿಗೆ ಬಾಯಿಪಾಠವಿತ್ತು. ಮಾದರಿ ಕೊಟ್ಟ ಸಂಸ್ಥೆ ಲಿಖಿತವಾಗಿ ಕೇಳಬೇಕು, ನಾವಾಗಿ ಏನೂ ಮಾಡುವ ಹಾಗಿಲ್ಲ. ಅದನ್ನೇ ಹೇಳಿದಳು. ಈರಣ್ಣ ತಲೆ ಅಲ್ಲಾಡಿಸಿ, ಕೈ ಮುಗಿಯದೆ, ತಿರುಗಿ ನಡೆದ.

ಅವಳು ಒಳಗೆ ಬಂದು ಫೈಲು ತೆಗೆದದ್ದು ಅನುಮಾನದಿಂದಲ್ಲ. ತಾನು ಸರಿ ಎಂದು ಮತ್ತೊಮ್ಮೆ ನೋಡಿಕೊಂಡರೆ ಮಧ್ಯಾಹ್ನದ ಕೆಲಸಕ್ಕೆ ಮನಸ್ಸು ಕೂರುತ್ತದೆ ಎಂದು. ಧಾರವಾಡದಲ್ಲಿ ಕೆಮಿಸ್ಟ್ರಿ ಓದಿ, ಮದುವೆಯಾಗಿ ಪುಣೆಗೆ ಬಂದು, ಎರಡು ಕೋಣೆಯ ಈ ಲ್ಯಾಬಿಗೆ ಸೇರಿದಂದಿನಿಂದ ಅವಳ ಒಂದೇ ಒಂದು ವರದಿಯೂ ಹಿಂದಿರುಗಿರಲಿಲ್ಲ. ಹೊರಗೆ ಎಂದೂ ಆಡಿ ತೋರಿಸದಿದ್ದರೂ ಒಳಗೊಳಗೆ ಅದರ ಹೆಮ್ಮೆ ಅವಳಿಗಿತ್ತು.

ಅಂಕಿಗಳು ಸರಿಯಾಗಿಯೇ ಇದ್ದವು. ಹೊಸ ಎಣ್ಣೆ ಕಾದಾಗಲೂ ಮಂದವಾಗಿ ನಿಂತಿತ್ತು, ಚಳಿಗೆ ಹೆಪ್ಪುಗಟ್ಟಿರಲಿಲ್ಲ. ಇಂಜಿನ್ನಿನ ಎಣ್ಣೆ ಕಾದ ಕೂಡಲೇ ನೀರಾಗುತ್ತಿತ್ತು. ಅದರಲ್ಲಿ ಡೀಸೆಲ್ ಬೆರೆತಿರಲಿಲ್ಲ. ಡೀಸೆಲ್ ಇಲ್ಲದೆ ಇಷ್ಟು ತೆಳ್ಳಗಾಗಬೇಕಾದರೆ ಅದು ಬೇರೆ ಎಣ್ಣೆಯೇ ಇರಬೇಕು. ಅವಳು ಹಾಗೆ ತೀರ್ಮಾನಿಸಿ ಮಧ್ಯಾಹ್ನ ಹನ್ನೆರಡಕ್ಕೆ ಸಹಿ ಹಾಕಿದ್ದಳು.

ಫೈಲಿನ ಕೊನೆಗೆ ಇನ್ನೊಂದು ಹಾಳೆಯಿತ್ತು. ಎಣ್ಣೆಯೊಳಗಿನ ಲೋಹಗಳ ಪಟ್ಟಿ. ಆ ಯಂತ್ರ ಅಂದು ಕೆಟ್ಟು, ಪಟ್ಟಿ ಸಂಜೆ ನಾಲ್ಕಕ್ಕೆ ಬಂದಿತ್ತು. ವರದಿ ಹೋಗಿಯಾಗಿತ್ತು. ಅವಳು ಅದನ್ನು ಓದದೆ ಫೈಲಿಗೆ ಸಿಕ್ಕಿಸಿದ್ದಳು.

ಈಗ ಓದಿದಳು. ಪ್ರತಿ ಕಂಪನಿಯೂ ತನ್ನ ಎಣ್ಣೆಗೆ ಸತು, ಕ್ಯಾಲ್ಸಿಯಂ, ರಂಜಕಗಳಿರುವ ಮಸಾಲೆಯನ್ನು ತನ್ನದೇ ಅಳತೆಯಲ್ಲಿ ಸೇರಿಸುತ್ತದೆ. ಮನೆಮನೆಯ ಸಾರಿನಪುಡಿಯ ಹಾಗೆ, ಒಂದರ ಅಳತೆ ಇನ್ನೊಂದಕ್ಕೆ ಇರುವುದಿಲ್ಲ. ಇಂಜಿನ್ನಿನ ಎಣ್ಣೆಯಲ್ಲಿ ಸವೆದ ಕಬ್ಬಿಣ ಬೇಕಾದಷ್ಟಿತ್ತು. ಅದನ್ನು ಬಿಟ್ಟರೆ ಎರಡೂ ಬಾಟಲಿಗಳಲ್ಲಿ ಸತು ಅಷ್ಟೇ, ಕ್ಯಾಲ್ಸಿಯಂ ಅಷ್ಟೇ, ರಂಜಕ ಅಷ್ಟೇ.

ಅವಳು ಎರಡೂ ಸಾಲುಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು. ಎರಡೂ ಒಂದೇ ಎಣ್ಣೆ. ಈರಣ್ಣ ಹಾಕಿದ್ದು ಆ ಡ್ರಮ್ಮಿನದ್ದನ್ನೇ.

ಹಾಗಾದರೆ ಅದು ಇಂಜಿನ್ನಿನಲ್ಲಿ ನೀರಾದದ್ದು ಹೇಗೆ? ಕುರ್ಚಿಯಲ್ಲಿ ಕುಳಿತು ಯೋಚಿಸುತ್ತ ಹೋದಂತೆ ಉತ್ತರ ಒಂದೇ ಉಳಿಯಿತು. ಎಣ್ಣೆ ಕಾದಾಗ ತೆಳ್ಳಗಾಗದಿರಲೆಂದು ಅದರಲ್ಲಿ ರಬ್ಬರಿನ ಜಾತಿಯ ಒಂದು ಪದಾರ್ಥ ಕರಗಿಸುತ್ತಾರೆ. ನಿಜವಾದ ಸಿಂಥೆಟಿಕ್ ಮೂಲತೈಲಕ್ಕೆ ಅದು ಸ್ವಲ್ಪ ಸಾಕು, ಏಕೆಂದರೆ ಕಾವು ತಡೆಯುವ ಗುಣ ಮೂಲದಲ್ಲೇ ಇರುತ್ತದೆ. ಅಗ್ಗದ, ಸಾಧಾರಣ ಖನಿಜತೈಲಕ್ಕೂ ಅದನ್ನು ಧಾರಾಳವಾಗಿ ಸುರಿದರೆ ಹೊಸದರಲ್ಲಿ ಅದು ಸಿಂಥೆಟಿಕ್‌ನಂತೆಯೇ ನಟಿಸುತ್ತದೆ. ಚಳಿಗೆ ಹೆಪ್ಪುಗಟ್ಟದಿರಲೂ ಬೇರೆ ಔಷಧಿಯಿದೆ. ಆದರೆ ಇಂಜಿನ್ನಿನೊಳಗೆ ಅರೆದು ಅರೆದು ಆ ರಬ್ಬರು ತುಂಡಾಗುತ್ತದೆ, ಆಗ ಉಳಿಯುವುದು ನೀರಿನಂಥ ಎಣ್ಣೆ. ಡ್ರಮ್ಮೇ ಸುಳ್ಳಾಗಿದ್ದಿರಬೇಕು. ಸರಬರಾಜುದಾರನಿಂದಲೇ ಸುಳ್ಳು ಬಂದಿರಬೇಕು.

‘ಇರಬೇಕು’ ಎಂದು ಬರೆದೇ ಒಮ್ಮೆ ಕೆಟ್ಟಾಗಿತ್ತು. ಈಗ ತೋರಿಸಬೇಕಿತ್ತು.

ಕೋಥರೂಡಿನ ಮನೆಗೆ ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಅವಳಿಗೆ ಹಸಿವೇ ಸತ್ತಿತ್ತು. ಗಂಡ ಮಂದಾರ ಆಫೀಸಿನ ಕೆಲಸಕ್ಕೆಂದು ನಾಗಪುರಕ್ಕೆ ಹೋಗಿದ್ದ. ಅತ್ತೆ ಕೃಷ್ಣಾಬಾಯಿ ತಟ್ಟೆಗೆ ಭಕ್ರಿ ಹಾಕಿ ಸೊಸೆಯ ಕೈ ನೋಡುತ್ತ ಕುಳಿತರು. ಕೈ ಆಡುತ್ತಿರಲಿಲ್ಲ.

“ಏನಾತ?”

“ಒಂದು ತಪ್ಪು ಮಾಡೀನಿ ಅತ್ಯಾ. ಅದರಿಂದ ಒಬ್ಬಂವಾ ಜೈಲಿಗೆ ಹೋಗೂ ಹಂಗ ಆಗೇದ.”

ಕೃಷ್ಣಾಬಾಯಿ ಅಯ್ಯೋ ಅನ್ನಲಿಲ್ಲ. “ತಿದ್ದಲಿಕ್ಕ ಬರ್ತದೇನು?”

“ಗೊತ್ತಿಲ್ಲ. ನಾಳೆ ಸಂಜೀಕ ಗೊತ್ತಾಗ್ತದ.”

“ಹಂಗಾರ ಉಣ್ಣು. ಹಸಕೊಂಡು ಹೋಗಿ ಇನ್ನೊಂದು ತಪ್ಪು ಮಾಡಬ್ಯಾಡ.”

ಬುಧವಾರ ಬೆಳಿಗ್ಗೆ ಲ್ಯಾಬಿನ ಕಪಾಟಿನಲ್ಲಿ ಕಾದಿರಿಸಿದ್ದ ಹೊಸ ಎಣ್ಣೆಯ ಬಾಟಲಿ ತೆಗೆದು ಅಳೆದಳು. ನೂರ ಅರವತ್ತು ಮಿಲಿಲೀಟರ್. ಆಂಬುಲೆನ್ಸ್ ಡಿಪೋಗೆ ಫೋನು ಮಾಡಿ ಡ್ರಮ್ಮಿನಿಂದ ಇನ್ನಷ್ಟು ಸಿಗುತ್ತದೆಯೇ ಎಂದು ಕೇಳಿದರೆ, ಇದ್ದಬದ್ದ ಡ್ರಮ್ಮುಗಳನ್ನೆಲ್ಲ ಸರಬರಾಜುದಾರ ಶನಿವಾರವೇ ವಾಪಸು ಒಯ್ದು ಬೇರೆ ಕೊಟ್ಟಿದ್ದಾನೆಂದು ತಿಳಿಯಿತು. ಆ ಎಣ್ಣೆ ಇನ್ನು ಉಳಿದಿದ್ದು ಅವಳ ಕೈಯಲ್ಲಿದ್ದ ಬಾಟಲಿಯಲ್ಲಿ ಮಾತ್ರ.

ಮಂದತನವನ್ನು ನಟಿಸಬಹುದು, ಚಳಿಯನ್ನು ತಡೆದಂತೆ ನಟಿಸಬಹುದು. ಆದರೆ ಇನ್ನೂರ ಐವತ್ತು ಡಿಗ್ರಿಯಲ್ಲಿ ಒಂದು ತಾಸು ಕಾಯಿಸಿ, ಮೇಲಿನ ಗಾಳಿಯನ್ನು ಪಂಪಿನಿಂದ ಸಣ್ಣಗೆ ಎಳೆಯುತ್ತಿದ್ದರೆ, ಎಷ್ಟು ಆವಿಯಾಗಿ ಹೋಯಿತು ಎಂಬುದರಲ್ಲಿ ಮೂಲತೈಲದ ಜಾತಿ ಹೊರಬೀಳುತ್ತದೆ. ಡ್ರಮ್ಮಿನ ಜೊತೆ ಬಂದ ಕಾಗದದಲ್ಲಿ ನೂರಕ್ಕೆ ಒಂಬತ್ತರ ಒಳಗೆ ಎಂದಿತ್ತು. ಸಾಧಾರಣ ತೈಲವಾದರೆ ಅದರ ಎರಡು ಪಟ್ಟು ಮೀರುತ್ತದೆ. ಒಂದು ಸಲದ ಪರೀಕ್ಷೆಗೆ ಅರವತ್ತೈದು ಗ್ರಾಂ ಎಣ್ಣೆ ಬೇಕು. ಇದ್ದದ್ದು ಎರಡು ಸಲಕ್ಕೆ ಸಾಕಾಗುವಷ್ಟು. ಆದರೆ ಗುರುವಾರ ಭೋಸರಿಯಲ್ಲಿ ವಾರದ ವಿದ್ಯುತ್ ಬಂದ್. ಆಗುವುದಿದ್ದರೆ ಇಂದೇ ಆಗಬೇಕು.

ಮೊದಲು ಲ್ಯಾಬಿನಲ್ಲಿದ್ದ ಅಸಲಿ ಸಿಂಥೆಟಿಕ್ ಎಣ್ಣೆಯೊಂದನ್ನು ಯಂತ್ರಕ್ಕಿಟ್ಟಳು. ಏಳು ಬಂತು, ಬರಬೇಕಾದಷ್ಟೇ. ಯಂತ್ರ ಸರಿಯಿದೆ. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಡ್ರಮ್ಮಿನ ಎಣ್ಣೆ ಇಟ್ಟಳು.

ಅರ್ಧ ತಾಸು ಕಳೆದಾಗ ಲ್ಯಾಬಿನ ಮಾಲೀಕ ಮಾರ್ತಾಂಡರಾಯರು ಬಾಗಿಲಲ್ಲಿ ಕಾಣಿಸಿಕೊಂಡರು. ಬೆಳಗಾವಿಯವರು, ಎಪ್ಪತ್ತು ದಾಟಿದವರು, ಲ್ಯಾಬನ್ನು ಸ್ವಂತ ಕೈಯಿಂದ ಕಟ್ಟಿದವರು.

“ಇದು ಯಾರ ಕೆಲಸ ವರದಾ? ರಜಿಸ್ಟರದಾಗ ಇಲ್ಲಲಾ.”

ಅವಳು ಲೋಹಗಳ ಹಾಳೆಯನ್ನು ಅವರ ಕೈಗಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ರಾಯರು ಹಾಳೆ ಓದಿದರು, ಕನ್ನಡಕ ತೆಗೆದರು.

“ನೀ ಹೇಳೂದು ಖರೇ ಇರಬಹುದು. ಆದ್ರ ಒಂದು ವರದಿ ವಾಪಸ ತಗೊಂಡಿ ಅಂದ್ರ ಹಳೇವು ಎಲ್ಲಾ ಕೇಳ್ತಾರ. ಲೈಸೆನ್ಸಿಗೆ ಬರ್ತದ. ಹನ್ನೆರಡು ಮಂದಿ ಕೆಲಸ ಮಾಡ್ತಾರ ಇಲ್ಲೆ.”

“ಗೊತ್ತದ ಸರ್.”

“ಆ ಮನಷ್ಯಾನ ವಕೀಲ ಕೇಳಲಿ, ಕೋರ್ಟು ಕೇಳಲಿ, ಆಗ ಮಾಡೂಣು. ನಾವಾಗಿ ಯಾಕ?”

“ಅಂವಗ ವಕೀಲ ಇಲ್ಲ. ನಿನ್ನೆ ಗೇಟಿಗೆ ಬಂದು ಕೇಳ್ಯಾನ. ನಾ ರೂಲ್ ಹೇಳಿ ಕಳಿಸೀನಿ.”

ರಾಯರು ಹಾಳೆಯನ್ನು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ದೀಪ ಹೋಯಿತು. ಪಂಪಿನ ಗುಂಯ್ ಎಂಬ ಸದ್ದು ಇಳಿದು ನಿಂತಿತು. ವರದಾ ಗಡಿಯಾರ ನೋಡಿದಳು. ನಲವತ್ತೆರಡು ನಿಮಿಷ. ಕರೆಂಟು ಐದೇ ನಿಮಿಷದಲ್ಲಿ ಮರಳಿತು, ಆದರೆ ಕಾವು ಮುರಿದ ಪರೀಕ್ಷೆ ಲೆಕ್ಕಕ್ಕೆ ಬಾರದು. ಅರವತ್ತೈದು ಗ್ರಾಂ ಎಣ್ಣೆ ವ್ಯರ್ಥವಾಗಿ ಕಪ್ಪಾಗಿ ಕುಳಿತಿತ್ತು. ಇನ್ನು ಒಂದೇ ಸಲಕ್ಕೆ ಉಳಿದಿತ್ತು.

 ಅವಳು ಯಂತ್ರದ ಎಣ್ಣೆ ಬಟ್ಟಲನ್ನು ತೊಳೆದು, ಒಣಗಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ತೂಗಿದಳು. ಎಣ್ಣೆ ಸುರಿಯುವ ಮೊದಲು ಎರಡು ಸಲ ಅಂಗೈಯನ್ನು ಸೀರೆಗೆ ಒರೆಸಿಕೊಂಡಳು. ಐದೂವರೆಗೆ ಯಂತ್ರ ಮತ್ತೆ ಇನ್ನೂರ ಐವತ್ತು ತೋರಿಸಿದಾಗ ಬಟ್ಟಲು ಇಟ್ಟು ಪಂಪು ಹಾಕಿದಳು. ರಾಯರು ಕಾಣಿಸಲಿಲ್ಲ. ಮನೆಗೆ ಹೋದರೇನೋ ಅಂದುಕೊಂಡಳು.

ಹದಿನೆಂಟನೆಯ ನಿಮಿಷಕ್ಕೆ ಟ್ಯೂಬ್‌ಲೈಟು ಮಿಣುಕಿತು. ಅವಳು ಎದ್ದು ನಿಂತಳು. ನಿಂತು ಮಾಡುವುದೇನೂ ಇರಲಿಲ್ಲ. ಮತ್ತೊಮ್ಮೆ ಮಿಣುಕುವಷ್ಟರಲ್ಲಿ ಹಿತ್ತಿಲಿನಲ್ಲಿ, ವರ್ಷದಿಂದ ಯಾರೂ ಮುಟ್ಟದೆ ಬಿದ್ದಿದ್ದ ಹಳೆಯ ಜನರೇಟರು ಗುಡುಗಿ ಹತ್ತಿಕೊಂಡ ಸದ್ದು ಕೇಳಿತು. ಪಂಪು ತಡವರಿಸದೆ ಓಡುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ರಾಯರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. “ನಾ ಒಪ್ಪೀನಿ ಅಂತ ತಿಳಕೋಬ್ಯಾಡ. ಅರ್ಧಕ್ಕ ನಿಂತ ಪರೀಕ್ಷಾ ನೋಡ್ಲಿಕ್ಕ ಆಗೂದಿಲ್ಲ ನನಗ.” ಒಂದು ಸ್ಟೂಲು ಎಳೆದುಕೊಂಡು ಕುಳಿತರು. ಉಳಿದ ನಲವತ್ತು ನಿಮಿಷ ಇಬ್ಬರೂ ಯಂತ್ರವನ್ನೇ ನೋಡುತ್ತ ಕಾದರು.

ಬಟ್ಟಲು ತಣಿದ ಮೇಲೆ ತಕ್ಕಡಿಯ ಮೇಲಿಟ್ಟಳು. ಅಂಕಿ ಓಡಿ ಓಡಿ ನಿಂತಿತು. ಲೆಕ್ಕ ಹಾಕಿದಳು. ಇಪ್ಪತ್ತೊಂದೂ ಮುಕ್ಕಾಲು. ರಾಯರು ಕಾಗದ ಕಸಿದುಕೊಂಡು ತಾವೂ ಲೆಕ್ಕ ಹಾಕಿದರು. ಅದೇ ಬಂತು. ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಗಾಳಿಗೆ ಹೋಗಿತ್ತು. ಡ್ರಮ್ಮಿನೊಳಗಿದ್ದದ್ದು ಸಿಂಥೆಟಿಕ್ ಅಲ್ಲ.

“ನಾಳೆ ನೀ ಹೋದ್ರ,” ಅಂದರು ರಾಯರು, ಕಾಗದವನ್ನೇ ನೋಡುತ್ತ, “ಸಹಿ ಅಧಿಕಾರ ನಿನ್ನ ಕಡೆಯಿಂದ ತಗೀಬೇಕಾಗ್ತದ. ರೂಲ್ ಅದ.”

“ತಗೀರಿ ಸರ್. ನಾಳೆ ಮಧ್ಯಾಹ್ನದ ಮ್ಯಾಲ.”

ಗುರುವಾರ ಲ್ಯಾಬಿನಲ್ಲಿ ಕರೆಂಟಿರಲಿಲ್ಲ, ಜನರೇಟರಿನ ಡೀಸೆಲ್ಲೂ ಹಿಂದಿನ ದಿನವೇ ಮುಗಿದು ಪ್ರಿಂಟರು ಸತ್ತಿತ್ತು. ವರದಾ ಹೊಸ ವರದಿಯನ್ನು ಕೈಯಿಂದ ಬರೆದಳು, ಮೊಹರು ಒತ್ತಿದಳು, ಹಳೆಯದನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಮೊದಲ ಸಾಲಿನಲ್ಲೇ ಹಾಕಿದಳು. ರಿಕ್ಷಾ ಹಿಡಿದು ಆಂಬುಲೆನ್ಸ್ ಸಂಸ್ಥೆಯ ಕಚೇರಿ ತಲುಪಿದಾಗ ಹನ್ನೊಂದೂ ಹತ್ತು. ಬಾಗಿಲಾಚೆಯ ಬೆಂಚಿನ ಮೇಲೆ ಒಬ್ಬ ಹೆಂಗಸು ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕುಳಿತಿದ್ದಳು. ಈರಣ್ಣನ ಹೆಂಡತಿ ಅನುಸೂಯಾ ಎಂದು ವರದಾಳಿಗೆ ಆಮೇಲೆ ಗೊತ್ತಾಯಿತು.

ಒಳಗೆ ವಿಚಾರಣೆ ಶುರುವಾಗಿತ್ತು. ಮೇಜಿನ ಆಚೆ ವಿಚಾರಣಾಧಿಕಾರಿಯಾಗಿ ಒಬ್ಬ ವಯಸ್ಸಾದ ವಕೀಲರು, ಪಕ್ಕದಲ್ಲಿ ಡಿಪೋ ಮ್ಯಾನೇಜರ್ ಪುನೀತ, ಎದುರಿಗೆ ಒಬ್ಬನೇ ಈರಣ್ಣ. ಕರೆಯದೆ ಬಂದವಳನ್ನು ಹೊರಗೆ ಕಳಿಸಬೇಕೆಂದು ಪುನೀತ ಹೇಳುತ್ತಿರುವಾಗಲೇ ವರದಾ ಹಳೆಯ ವರದಿಯ ಪ್ರತಿಯನ್ನು ಮೇಜಿನ ಮೇಲಿಟ್ಟು, ಮರಾಠಿಯಲ್ಲಿ, “ಈ ಸಹಿ ನನ್ನದು” ಅಂದಳು. ವಕೀಲರು ಕೂರಲು ಹೇಳಿದರು.

ಅವಳು ನಿಂತೇ ಹೇಳಿದಳು.  ಲೋಹಗಳ ಪಟ್ಟಿ, ಕಾಯಿಸಿದ ಪರೀಕ್ಷೆ, ರಬ್ಬರಿನ ಕಥೆ, ಎಲ್ಲ.

“ಹನ್ನೆರಡು ದಿನದ ಹಿಂದೆ ಒಂದು ಹೇಳಿದಿರಿ, ಇಂದು ಇನ್ನೊಂದು,” ಅಂದ ಪುನೀತ. “ಯಾವುದನ್ನು ನಂಬಬೇಕು? ಇವನು ನಿಮ್ಮ ಭಾಷೆಯವನಂತೆ.”

ವರದಾ ಹೊಸ ವರದಿಯನ್ನು ಹಳೆಯದರ ಪಕ್ಕಕ್ಕಿಟ್ಟಳು. “ಎರಡು ವರದಿಯಲ್ಲೂ ಅಂಕಿಗಳು ಸರಿಯಿವೆ. ತಪ್ಪಿದ್ದು ನಾನು ಬರೆದ ಒಂದು ವಾಕ್ಯ. ಪೂರ್ತಿ ಕಾಗದ ಬರುವ ಮೊದಲೇ ಅದನ್ನು ಬರೆದೆ. ನನ್ನನ್ನು ನಂಬಬೇಡಿ. ಬಾಟಲಿಯಲ್ಲಿ ಇನ್ನೂ ಒಂದು ಚಮಚದಷ್ಟು ಎಣ್ಣೆ ಉಳಿದಿದೆ, ಅದನ್ನು ಸೀಲು ಮಾಡಿ ತಂದಿದ್ದೇನೆ. ಎಣ್ಣೆಯ ಅಂಶಗಳನ್ನು ಬಿಡಿಸಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರ ಇರುವ ಸರಕಾರಿ ಪ್ರಯೋಗಾಲಯಕ್ಕೆ ಕಳಿಸಿ. ಅಲ್ಲಿ ಒಂದು ಹನಿ ಸಾಕು. ಸಿಂಥೆಟಿಕ್ ಆದರೆ ನಕ್ಷೆಯಲ್ಲಿ ಬಿಡಿಬಿಡಿ ಗುಡ್ಡಗಳು ಬರುತ್ತವೆ. ಅಲ್ಲದಿದ್ದರೆ ಒಂದೇ ಅಗಲ ದಿಬ್ಬ.”

ವಕೀಲರು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಅದನ್ನು ಸರಕಾರಿ ಪ್ರಯೋಗಾಲಯಕ್ಕೆ ಕಳಿಸಬೇಕು, ಉತ್ತರ ಬರುವವರೆಗೆ ಯಾವುದನ್ನೂ ಪೊಲೀಸರಿಗೆ ಕೊಡುವ ಹಾಗಿಲ್ಲ ಎಂದು ಬರೆಸಿದರು. ಈರಣ್ಣ ಇಡೀ ಹೊತ್ತು ಮೇಜಿನ ಅಂಚನ್ನೇ ನೋಡುತ್ತಿದ್ದ. ಅವಳ ಮರಾಠಿ ಅವನಿಗೆ ಎಷ್ಟು ತಿಳಿಯಿತೋ ಏನೋ.

ಹೊರಗೆ ಬಂದಾಗ ವರದಾ, “ನನ್ನಿಂದ ತಪ್ಪಾತು ಈರಣ್ಣಾವರ,” ಅಂದಳು.

ಅವನು ಬೆಂಚಿನಿಂದ ಏಳುತ್ತಿದ್ದ ಹೆಂಡತಿಯ ಕಡೆ ನೋಡಿದ. “ತಪ್ಪ ಒಪ್ಪಕೊಂಡ್ರಿ, ದೊಡ್ಡವರಾದ್ರಿ. ನನ್ನ ಮಗಳು ಹನ್ನೆರಡು ದಿನ ಸಾಲಿಗಿ ಹೋಗಿಲ್ರಿ ಬಾಯಾರ. ಹುಡುಗ್ರು ಕೇಳ್ತಾವಂತ, ನಿಮ್ಮಪ್ಪ ಮಂದಿ ಕೊಂದಾನೇನು ಅಂತ.”

ಅನುಸೂಯಾ ಅವನ ತೋಳು ಹಿಡಿದು, “ನಡೀರಿ” ಅಂದಳು. 

ಸರಕಾರಿ ಪ್ರಯೋಗಾಲಯದ ಉತ್ತರ ಐದು ವಾರಕ್ಕೆ ಬಂತು. ನಕ್ಷೆಯಲ್ಲಿ ಒಂದೇ ಅಗಲ ದಿಬ್ಬವಿತ್ತು. ಈರಣ್ಣನ ಮೇಲಿನ ಆರೋಪ ಬಿತ್ತು, ಸರಬರಾಜುದಾರನ ಮೇಲೆ ಮೊಕದ್ದಮೆ ಹೂಡಿದರು. ಅದು ಇನ್ನೂ ನಡೆಯುತ್ತಿದೆ. ತೀರಿಹೋದ ವೃದ್ಧನ ಮನೆಯವರು ಪ್ರತಿ ತಾರೀಖಿಗೂ ದೌಂಡದಿಂದ ರೈಲಿನಲ್ಲಿ ಬರುತ್ತಾರೆ. ಆಂಬುಲೆನ್ಸ್ ಸಂಸ್ಥೆ ತನ್ನ ಬಾಟಲಿಗಳನ್ನು ಬೇರೆ ಲ್ಯಾಬಿಗೆ ಕಳಿಸತೊಡಗಿತು. ತಪಾಸಣೆಯವರು ಬಂದು ವರದಾಳ ಮೂರು ವರ್ಷದ ಫೈಲುಗಳನ್ನೆಲ್ಲ ಕೆದಕಿದರು. ಬೇರೆ ತಪ್ಪು ಸಿಗಲಿಲ್ಲ, ಲೈಸೆನ್ಸು ಉಳಿಯಿತು. ಆದರೂ ಆರು ತಿಂಗಳು ಅವಳ ಕೆಲಸಕ್ಕೆ ರಾಯರೇ ಸಹಿ ಹಾಕಿದರು, ಪ್ರತಿ ಹಾಳೆಯನ್ನೂ ಎರಡೆರಡು ಸಲ ಓದಿ, ಒಮ್ಮೊಮ್ಮೆ ಬೇಕೆಂದೇ ನಿಧಾನವಾಗಿ.

ಕೆಲಸಕ್ಕೆ ಮರಳಿ ಬಾ ಎಂದು ಡಿಪೋದವರು ಕರೆದರೂ ಈರಣ್ಣ ಹೋಗಲಿಲ್ಲ. ಆಳಂದಿ ರಸ್ತೆಯ ಒಂದು ಗ್ಯಾರೇಜು ಸೇರಿದನೆಂದು ಯಾರೋ ಹೇಳಿದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವನು ಲ್ಯಾಬಿನ ಗೇಟಿಗೆ ಬಂದ. ಕೈಯಲ್ಲಿ ಒಂದು ಮುಚ್ಚಿದ ಬಾಟಲಿ. ಗ್ಯಾರೇಜಿಗೆ ಹೊಸ ಎಣ್ಣೆ ಬಂದಿದೆ, ಪೂರ್ಣ ಸಿಂಥೆಟಿಕ್ ಅನ್ನುತ್ತಾರೆ, ಗಿರಾಕಿಗಳ ಗಾಡಿಗೆ ಹಾಕುವ ಮೊದಲು ನೋಡಿಸಬೇಕೆಂದ.

“ಒಳಗ ಬರ್ರಿ,” ಅಂದಳು ವರದಾ. “ನಾಲ್ಕು ತಾಸು ಹಿಡೀತದ. ಸಂಜೀಕ ಬಂದು ವರದಿ ಒಯ್ದರೂ ನಡೀತದ.”

“ಇಲ್ರಿ. ನಾ ಇಲ್ಲೇ ಕೂಡ್ತೀನಿ. ಎಲ್ಲಾ ಮುಗಿಯೂತನಾ.”

ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. ವರದಾ ಯಂತ್ರ ಕಾಣುವ ಹಾಗೆ ಅವನಿಗೆ ಸ್ಟೂಲು ಹಾಕಿಸಿದಳು. ಬಾಟಲಿಯ ಮೇಲೆ ಅವನ ಹೆಸರು, ತಾರೀಖು ಬರೆದು, ಅವನ ಎದುರಿಗೇ ಸೀಲು ಒಡೆದು ತೂಗಲು ಶುರು ಮಾಡಿದಳು.